ದೊಡ್ಡ ಫ್ಯಾನ್ ತರುವ ಮೊದಲು ಎಂಜಿನ್ನಿನ ಎತ್ತರ ನೋಡಿ

ಗಂಗೊಳ್ಳಿಯಿಂದ ಪ್ರಶ್ನೆ ಹಾಕಿದವರಿಗೆ ಈ ಉತ್ತರ. ನೀವು ಬರೆದದ್ದಿಷ್ಟು: 26 ಅಡಿಯ ಫೈಬರ್ ನಾಡದೋಣಿ, 9.9 ಹೆಚ್.ಪಿ. ಸೆಕೆಂಡ್‌ಹ್ಯಾಂಡ್ ಎಂಜಿನ್, ಎಂಜಿನ್ ಕೂರಿಸುವ ಹಿಂಬದಿ ಹಲಗೆಯ ಎತ್ತರ 18 ಇಂಚು. ಖಾಲಿ ದೋಣಿ ಚೆನ್ನಾಗಿ ಓಡುತ್ತದೆ, ಬಲೆ ಹಾಕಿ ನಾಲ್ಕು ಜನ ಕೂತರೆ ಎಳೆಯುವುದಿಲ್ಲ. ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಅಲೆ ಅಡಿಯಿಂದ ಹಾದುಹೋಗುವಾಗ ಎಂಜಿನ್ ಕಿರುಚುತ್ತದೆ. ಅಂಗಡಿಯವರು 11 ಪಿಚ್‌ನ ಫ್ಯಾನ್, ಅಂದರೆ ನೀರೊಳಗೆ ತಿರುಗುವ ಪ್ರೊಪೆಲರ್, ಹಾಕಿ ಎಂದಿದ್ದಾರೆ (ಪಿಚ್ ಏನೆಂದು ಮುಂದೆ ಹೇಳುತ್ತೇನೆ).

ದಯವಿಟ್ಟು ಆ ಫ್ಯಾನಿಗೆ ಈಗಲೇ ದುಡ್ಡು ಕೊಡಬೇಡಿ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕಿರುಚುವುದು ಎತ್ತರದ ತೊಂದರೆ, ಎಳೆಯದಿರುವುದು ಪಿಚ್‌ನದ್ದು. ಎತ್ತರ ಸರಿಯಾಗದೆ ಯಾವ ಫ್ಯಾನ್ ಹಾಕಿದರೂ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದೇ ಇಲ್ಲ.

ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ತಟ್ಟೆ ಇದೆಯಲ್ಲ, ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ, ಅದು ದೋಣಿಯ ತಳಕ್ಕಿಂತ ಸುಮಾರು ಮೂರು ಇಂಚು ಮೇಲೆ ನಿಂತಿದೆ. ಅಂದರೆ ನಿಮ್ಮದು ಶಾರ್ಟ್ ಶಾಫ್ಟ್ ಎಂಜಿನ್, ನೀರಿಗಿಳಿಯುವ ಕಾಲು ಗಿಡ್ಡ ಇರುವಂಥದ್ದು. ಶಾರ್ಟ್ ಶಾಫ್ಟ್ ಮಾಡಿರುವುದು 15 ಇಂಚಿನ ಹಲಗೆಗೆ, ಲಾಂಗ್ ಶಾಫ್ಟ್ 20 ಇಂಚಿನದಕ್ಕೆ. ಆ ತಟ್ಟೆಯ ಕೆಲಸ ಮೇಲಿನ ಗಾಳಿ ಫ್ಯಾನಿಗೆ ಇಳಿಯದಂತೆ ತಡೆಯುವುದು. ತಟ್ಟೆಯೇ ತಳದಿಂದ ಮೇಲಿದ್ದರೆ, ಅಲೆ ದೋಣಿಯ ಹಿಂಭಾಗವನ್ನು ಎತ್ತಿದ ಕ್ಷಣ ಫ್ಯಾನ್ ಗಾಳಿ ಕುಡಿಯುತ್ತದೆ. ಗಾಳಿಯಲ್ಲಿ ಹಿಡಿತವಿಲ್ಲ, ಹಾಗಾಗಿ ಎಂಜಿನ್ ಒಮ್ಮೆಲೇ ಮೇಲಕ್ಕೆ ರೇಸ್ ಆಗುತ್ತದೆ. ಮರುಕ್ಷಣ ಫ್ಯಾನ್ ನೀರಿಗೆ ಬಿದ್ದಾಗ ಆ ಹೊಡೆತ ಪೂರ್ತಿ ಗೇರಿಗೆ, ಫ್ಯಾನಿನೊಳಗಿನ ರಬ್ಬರ್ ಬುಷ್‌ಗೆ ಹೋಗುತ್ತದೆ. ತಣ್ಣೀರು ಎಳೆಯುವ ತೂತುಗಳೂ ಕೆಳಗೆ ಆ ಕಾಲಿನಲ್ಲೇ ಇರುವುದರಿಂದ ಅವಕ್ಕೂ ಗಾಳಿ ಹೊಕ್ಕು ಎಂಜಿನ್ ಬಿಸಿಯಾಗುವ ಭಯವೂ ಇದೆ. ಕಿರುಚುವಾಗ ಹಿಂದಿನಿಂದ ಚಿಮ್ಮುವ ನೀರಿನ ಗೆರೆ ತೆಳ್ಳಗಾಗುತ್ತದೆಯೇ ಗಮನಿಸಿ.

ಅಳತೆ ದಡದಲ್ಲೇ ಸಾಧ್ಯ. ಒಂದು ನೇರ ರೀಪು ತೆಗೆದುಕೊಂಡು ತಳಕ್ಕೆ ಒತ್ತಿ ಹಿಡಿದು ಹಿಂದಕ್ಕೆ ಚಾಚಿ, ಎಂಜಿನ್ ಪೂರ್ತಿ ಇಳಿಸಿ, ತಟ್ಟೆ ಆ ರೀಪಿಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆ ಅಳೆಯಿರಿ. ನೀರಿನ ಮೇಲೆ ಹಾರಿಕೊಂಡು ಹೋಗುವ ಹಗುರ ಬೋಟಿಗೆ ತಟ್ಟೆ ತಳದ ಮಟ್ಟಕ್ಕೆ ಸಮ ಇದ್ದರೆ ಸಾಕು, ಅರ್ಧ ಇಂಚು ಮೇಲಿದ್ದರೂ ನಡೆಯುತ್ತದೆ. ನಮ್ಮದು ಬಲೆ, ಐಸು, ಮೀನು ಹೊತ್ತು ನೀರನ್ನು ಸೀಳಿಕೊಂಡು ಹೋಗುವ ದೋಣಿ. ಇದಕ್ಕೆ ತಟ್ಟೆ ತಳಕ್ಕಿಂತ ಒಂದರಿಂದ ಎರಡು ಇಂಚು ಕೆಳಗಿರಬೇಕು. ಅದಕ್ಕಿಂತ ಕೆಳಗೆ ಹೋದರೆ ಕಾಲು ನೀರಲ್ಲಿ ಎಳೆದಂತಾಗಿ ಎಣ್ಣೆ ಹೆಚ್ಚು ಕುಡಿಯುತ್ತದೆ, ದೋಣಿ ತಿರುಗಿಸುವ ಹಿಡಿ ಭಾರವಾಗುತ್ತದೆ, ಅಳಿವೆಯ ಮರಳು ದಿಣ್ಣೆಗೆ ಮೊದಲು ತಾಗುವುದೂ ಅದೇ.

18 ಇಂಚಿನ ಹಲಗೆಗೆ ಲಾಂಗ್ ಶಾಫ್ಟ್ ಕೂರಿಸಿದರೆ ತಟ್ಟೆ ಸುಮಾರು ಎರಡು ಇಂಚು ಕೆಳಗೆ ಬರುತ್ತದೆ, ನಿಮಗೆ ಬೇಕಾದದ್ದೇ ಅದು. ಎಂಜಿನ್ ಬದಲಿಸಿಕೊಳ್ಳಲು ಯಾರಾದರೂ ಸಿಗುತ್ತಾರೆಯೇ ಮೊದಲು ವಿಚಾರಿಸಿ. ನಿಮ್ಮ ಮಾದರಿಗೆ ಶಾಫ್ಟ್ ಉದ್ದ ಮಾಡುವ ಕಿಟ್ ಸಿಗುವುದಾದರೆ ಅದೂ ದಾರಿಯೇ. ಹಲಗೆಯನ್ನು ಮೂರು ಇಂಚು ಕತ್ತರಿಸಿಬಿಡಿ ಎಂದು ಯಾರೋ ನಿಮ್ಮ ಪ್ರಶ್ನೆಯ ಕೆಳಗೆ ಬರೆದಿದ್ದಾರೆ. ಮಾರಾಯ್ರೇ, ಅದನ್ನು ಮಾತ್ರ ಮಾಡಬೇಡಿ. ಅಳಿವೆ ಒಳಗೆ ಬರುವಾಗ ಅಲೆ ಹಿಂದಿನಿಂದಲೇ ಏರಿ ಬರುತ್ತದೆ, ಆ ಮೂರು ಇಂಚೇ ನೀರನ್ನು ಹೊರಗಿಡುವುದು.

ಇನ್ನು ಪಿಚ್. ಫ್ಯಾನಿನ ಮೇಲೆ 9¼ × 9 ಎಂದು ಕೆತ್ತಿದ್ದರೆ ಮೊದಲನೆಯದು ಅಡ್ಡಳತೆ, ಎರಡನೆಯದು ಪಿಚ್. ಫ್ಯಾನ್ ಒಂದು ಸುತ್ತು ತಿರುಗಿದಾಗ, ಮರಕ್ಕೆ ಸ್ಕ್ರೂ ಹೊಕ್ಕ ಹಾಗೆ, ಒಂಚೂರೂ ಜಾರದಿದ್ದರೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದೇ ಪಿಚ್. ಯಮಹಾದ 9.9 ಫೋರ್‌ಸ್ಟ್ರೋಕ್‌ನಲ್ಲಿ ಗೇರ್ 2.08, ಅಂದರೆ ಎಂಜಿನ್ 2.08 ಸುತ್ತು ತಿರುಗಿದರೆ ಫ್ಯಾನ್ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಫ್ಯಾನ್ ತಿರುಗುವುದು ಸುಮಾರು 2400. 9 ಪಿಚ್‌ಗೆ ಲೆಕ್ಕ ಹಾಕಿದರೆ ಗಂಟೆಗೆ 33 ಕಿ.ಮೀ. ಬರುತ್ತದೆ. ಬಲೆ ತುಂಬಿದ ನಾಡದೋಣಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಈಗಲೇ ಇಷ್ಟು ಜಾರುತ್ತಿರುವಾಗ 11 ಪಿಚ್ ಹಾಕುವುದೆಂದರೆ ಲೋಡ್ ಲಾರಿಯನ್ನು ಆಗುಂಬೆ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ. ಸುತ್ತು ಏರುವುದಿಲ್ಲ, ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ನಿಗೆ ಪೆಟ್ಟು.

ನಾನೇ ಈ ತಪ್ಪು ಮಾಡಿದ್ದೆ. ನನ್ನ ಟೂ ಸ್ಟ್ರೋಕ್ ಎಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ರೇಸ್ ಕೊಟ್ಟಾಗ 4500ರಿಂದ 5500 ಸುತ್ತು ಇರಬೇಕು ಎಂದಿತ್ತು. ಸ್ಪೀಡ್ ಬರಲಿ ಎಂದು 11 ಪಿಚ್ ಹಾಕಿ ಒಂದು ಮಳೆಗಾಲ ಓಡಿಸಿದೆ. ಎಂಜಿನ್ನಿಗೆ ವಯಸ್ಸಾಯಿತೆಂದೇ ತಿಳಿದಿದ್ದೆ. ಆಮೇಲೆ ಪ್ಲಗ್ಗಿನ ವಯರಿಗೆ ಕಟ್ಟಿ ಎಂಜಿನ್ನಿನ ಸುತ್ತು ಎಣಿಸುವ ಸಣ್ಣ ಮೀಟರ್ ತರಿಸಿ ನೋಡಿದರೆ ಲೋಡಿನಲ್ಲಿ 4400 ದಾಟುತ್ತಿರಲಿಲ್ಲ. 9 ಪಿಚ್ ಹಾಕಿದ ದಿನ 4800ಕ್ಕೆ ಬಂತು, ದೋಣಿ ಮೂತಿ ಎತ್ತಿ ಹೊರಟಿತು. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ, ನನ್ನ ದೋಣಿಯಲ್ಲೂ ಹಾಗೇ ಆಯಿತು. ಸೀಮೆಎಣ್ಣೆ ಎಂಜಿನ್ನಿಗೆ ಅದೇ ಅಳತೆಯ ಪೆಟ್ರೋಲ್ ಎಂಜಿನ್ನಿಗಿಂತ ಬಲ ಕಡಿಮೆ, ಅದಕ್ಕೆ ಪಿಚ್ ಇನ್ನೂ ಕಡಿಮೆಯೇ ಬೇಕಾದೀತು.

ಮೀಟರ್ ಇಲ್ಲದೆ ಕಿವಿಯಲ್ಲಿ ಕೇಳಿ ಹೇಳುವವರನ್ನು ನಂಬಬೇಡಿ, ಮೀಟರ್ ದೊಡ್ಡ ಖರ್ಚಿನ ವಸ್ತುವೂ ಅಲ್ಲ. ಪರೀಕ್ಷೆಗೆ ಹೋಗುವಾಗ ದಿನವೂ ಹೊರುವಷ್ಟೇ ಲೋಡ್ ಇರಲಿ, ಖಾಲಿ ದೋಣಿಯ ಲೆಕ್ಕ ಉಪಯೋಗಕ್ಕೆ ಬಾರದು. ಎಂಜಿನ್ ಬಂದ್ ಮಾಡುವ ಹಗ್ಗ ಕೈಗೆ ಕಟ್ಟಿಕೊಳ್ಳಿ. ಪುಸ್ತಕ ಹೇಳಿದ ಮಿತಿಯ ನಡುವಿಗೆ ಸುತ್ತು ಬಂದರೆ ಆ ಫ್ಯಾನ್ ಸರಿ. ಮಿತಿ ಮೀರಿ ಓಡಿದರೆ ಪಿಚ್ ಕಡಿಮೆಯಾಯಿತು, ಒಂದು ಇಂಚು ಏರಿಸಿ.

ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಫ್ಯಾನಿನ ಒಳಬುಷ್ ಮತ್ತು ಹೊರಮೈ ಎರಡಕ್ಕೂ ಸೇರಿಸಿ ಪೇಂಟಿನಲ್ಲಿ ಒಂದೇ ಗೆರೆ ಎಳೆದು ಓಡಿಸಿ. ಬಂದಾಗ ಗೆರೆ ತುಂಡಾಗಿ ಸರಿದಿದ್ದರೆ ರಬ್ಬರ್ ಜಾರಿದೆ ಎಂದರ್ಥ, ಪಿಚ್ ಚರ್ಚೆಯೇ ಬೇಡ. ಫ್ಯಾನ್ ಬಿಚ್ಚಿದಾಗ ಹಿಂದೆ ಬಲೆಯ ನೈಲಾನ್ ದಾರ ಸುತ್ತಿದೆಯೇ ನೋಡಿ, ಅದು ಸೀಲ್ ಕೊಯ್ದರೆ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ತಳಕ್ಕೆ ಚಿಪ್ಪು ಹತ್ತಿದ್ದರೆ ಕೆರೆದು ತೆಗೆಯಿರಿ.

ಸ್ಟೀಲ್ ಫ್ಯಾನ್ ಬಗ್ಗೆಯೂ ಕೇಳಿದ್ದೀರಿ. ಕಲ್ಲಿರುವ ನಮ್ಮ ಕರಾವಳಿಗೆ ಅಲ್ಯೂಮಿನಿಯಂ ಒಳ್ಳೆಯದು. ಕಲ್ಲಿಗೆ ತಾಗಿದರೆ ಎಲೆ ಬಾಗುತ್ತದೆ, ಗೇರ್ ಉಳಿಯುತ್ತದೆ. ನಾಲ್ಕು ಎಲೆಯದ್ದು ಅಲೆಯಲ್ಲಿ ಹಿಡಿತ ಹೆಚ್ಚು ಕೊಡುತ್ತದೆ, ದೋಣಿಯ ಗರಿಷ್ಠ ವೇಗ ಸ್ವಲ್ಪ ಇಳಿಯುತ್ತದೆ. ನಿಮ್ಮ ಎಂಜಿನ್ನಿಗೆ ಸಿಕ್ಕಿದರೆ ಹಾಕಿ ನೋಡಬಹುದು, ಆದರೆ ಎತ್ತರದ ತಪ್ಪನ್ನು ಅದು ಮುಚ್ಚುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುವಾಗ ಕಡಲಿಗಿಳಿಯುವುದು 10 ಹೆಚ್.ಪಿ. ಒಳಗಿನ ನಾವು ಮಾತ್ರ. ದೊಡ್ಡ ಎಂಜಿನ್ ಹಾಕುವ ಹಾಗಿಲ್ಲ, ಇರುವ ಬಲವೇ ಪೂರ್ತಿ ನೀರಿಗೆ ಹೋಗಬೇಕು. ಕಡಲು ಹೆಚ್ಚು ಏಳುವುದೂ ಆಗಲೇ. ಎತ್ತರ ಸರಿಮಾಡುವವರೆಗೆ ಅಳಿವೆಯಲ್ಲಿ ಎಂಜಿನ್ ಕಿರುಚಿದ ಕೂಡಲೇ ರೇಸ್ ಇಳಿಸಿ, ಫ್ಯಾನ್ ಹಿಡಿದ ಮೇಲೆ ನಿಧಾನವಾಗಿ ಕೊಡಿ. ಒಳಗೆ ಬರುವಾಗ ಅಲೆಯ ಬೆನ್ನ ಮೇಲೆಯೇ ಇರಿ, ಅದನ್ನು ದಾಟಿ ಮುಂದಕ್ಕೆ ಹೋಗಬೇಡಿ.

ತಟ್ಟೆ ತಳದಿಂದ ಎಷ್ಟು ಇಂಚು, ಈಗಿನ ಫ್ಯಾನಿನ ಮೇಲೆ ಕೆತ್ತಿದ ಸಂಖ್ಯೆ ಏನು, ಪೂರ್ತಿ ಲೋಡಿನಲ್ಲಿ ಎಷ್ಟು ಸುತ್ತು. ಈ ಮೂರನ್ನು ಅಳೆದು ಇಲ್ಲೇ ಹಾಕಿ, ಯಾವ ಪಿಚ್ ಎಂದು ಆಮೇಲೆ ಲೆಕ್ಕ ಮಾಡೋಣ.