ಆಪ್ತಸಲಹೆ ಪ್ರಕರಣ: “ವಿಜ್ಞಾನ ನನ್ನ ತಲೆಗೆ ಹತ್ತುವುದಿಲ್ಲ ಮೇಡಂ”

(ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಪರಿಸರ ವಿಜ್ಞಾನವನ್ನು ಆರಿಸಿಕೊಂಡು ಮಡಿಕೇರಿಯಲ್ಲಿ ಬಿ.ಎಸ್‌ಸಿ. ಸೇರಿದ ಮೊದಲ ಸೆಮಿಸ್ಟರಿನ ಹುಡುಗಿ. ಸೋಮವಾರಪೇಟೆ ಕಡೆಯವಳು. ತಂದೆ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು), ತಾಯಿ ಅದೇ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊದಲ ಆಂತರಿಕ ಪರೀಕ್ಷೆಯ ಅಂಕ ಕಂಡ ಮೇಲೆ ತರಗತಿ ತಪ್ಪಿಸತೊಡಗಿದಳು, ಹಾಸ್ಟೆಲಿನಲ್ಲಿ ಮಾತು ಕಡಿಮೆ ಮಾಡಿದಳು. ಬಿ.ಎ.ಗೆ ಬದಲಾಯಿಸಿಕೊಳ್ಳುವ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೇ ನನ್ನಲ್ಲಿಗೆ ಬಂದಿದ್ದಳು.

ನಿದ್ರೆ, ಊಟ, ಬದುಕು ಸಾಕೆನಿಸುವ ಯೋಚನೆ ಇವುಗಳ ಬಗ್ಗೆ ಮೊದಲು ನೇರವಾಗಿ ಕೇಳಿದೆ. ನಿದ್ರೆ ಕೆಟ್ಟಿತ್ತು, ಊಟ ಸರಿಯಿತ್ತು, ಅಂಥ ಯೋಚನೆ ಇರಲಿಲ್ಲ. ಹಾಗೇನಾದರೂ ಅನಿಸಿದರೆ ರಾತ್ರಿಯಾದರೂ ಸರಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡು ಎಂದು ಸಂಖ್ಯೆ ಬರೆದುಕೊಟ್ಟೆ. ಆಮೇಲೆ ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜರಿದಾಗ ಅವಳ ದೊಡ್ಡಪ್ಪನ ಕುಟುಂಬ ಪರಿಹಾರ ಕೇಂದ್ರದಲ್ಲಿತ್ತು. “ಗುಡ್ಡ ಏಕೆ ಜಾರಿತು ಎಂದು ಯಾರನ್ನು ಕೇಳಿದರೂ ಮಳೆ ಜಾಸ್ತಿ ಎಂದಷ್ಟೇ ಹೇಳಿದರು ಮೇಡಂ. ಮಳೆ ನಮ್ಮಲ್ಲಿ ಪ್ರತಿ ವರ್ಷವೂ ಬರುತ್ತದೆಯಲ್ಲ?” ಎಂದಳು. ಇಷ್ಟು ಗಟ್ಟಿಯಾದ ಪ್ರಶ್ನೆ ಹಿಡಿದುಕೊಂಡು ಬಂದವಳಿಗೆ ವಿಜ್ಞಾನ ಹತ್ತುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಿಲ್ಲ.

“ಏನೂ ಅರ್ಥವಾಗುವುದಿಲ್ಲ” ಎಂಬ ದೂರನ್ನು ಇಬ್ಬರೂ ಕುಳಿತು ಬಿಡಿಸಿದೆವು. ತೊಡಕು ಮೂರು ಕಡೆ ಇತ್ತು. ಇಂಗ್ಲಿಷ್ ಪಠ್ಯದ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಪಿಯುಸಿಯಲ್ಲಿ ಗಣಿತ ಬಿಟ್ಟಿದ್ದರಿಂದ ಏಕಮಾನ, ಲಾಗ್, ಗ್ರಾಫ್ ಕಂಡರೆ ಕೈ ನಿಲ್ಲುತ್ತಿತ್ತು. ಪ್ರಯೋಗದ ರೆಕಾರ್ಡನ್ನು ಹಿರಿಯ ವಿದ್ಯಾರ್ಥಿಗಳ ಪುಸ್ತಕದಿಂದ ಇಳಿಸುತ್ತಿದ್ದಳು. ಮೂರೂ ಕಲಿತರೆ ಬರುವಂಥವು. ಕಲಿಸುವವರು ಯಾರೋ ಎಲ್ಲೋ ಬಿಟ್ಟಿದ್ದಾರೆ, ಅಷ್ಟೆ. ನಮ್ಮ ಪಾಠಕ್ರಮ ಇವು ಎಲ್ಲರಿಗೂ ಬರುತ್ತವೆಂದು ಭಾವಿಸಿಕೊಂಡೇ ಮುಂದೆ ಹೋಗುತ್ತದೆ. ಹಿಂದೆ ಉಳಿದ ಮಕ್ಕಳು ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಮಾತಿನ ನಡುವೆ ತೋಟದ ಮಳೆ ಪುಸ್ತಕದ ವಿಷಯ ಬಂತು. ಅವಳ ಅಪ್ಪ ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಜಾಡಿಗೆ ಸುರಿದು ಇಂಚು-ಸೆಂಟುಗಳಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅಪ್ಪ ಊರಿಗೆ ಹೋದಾಗ ಬರೆಯುವವಳು ಇವಳೇ. ಮಾಪಕ ಎಲ್ಲಿಟ್ಟಿದ್ದೀರಿ ಎಂದೆ. “ಕಣದ ಪಕ್ಕ, ಬಯಲಿನಲ್ಲಿ. ಸಿಲ್ವರ್ ಓಕ್ ಕೆಳಗಿಟ್ಟರೆ ಎಲೆಯ ಮೇಲಿನ ನೀರು ಆಮೇಲೂ ತೊಟ್ಟಿಕ್ಕುತ್ತದೆ, ಲೆಕ್ಕ ತಪ್ಪುತ್ತದೆ.” ದಿನವೂ ಒಂದೇ ಹೊತ್ತಿಗೆ ಏಕೆ? “ಇಲ್ಲದಿದ್ದರೆ ಇವತ್ತಿನ ಮಳೆ ನಾಳೆಯದಕ್ಕೆ ಸೇರಿಬಿಡುತ್ತದೆ.” ಜಾಡಿಯಲ್ಲಿ ನೀರಿನ ಮೇಲ್ಮೈ ಬಾಗಿರುತ್ತದಲ್ಲ, ಯಾವ ಅಂಚನ್ನು ಓದುತ್ತೀಯ? “ಕೆಳಗಿನದು, ಕಣ್ಣಿನ ಮಟ್ಟಕ್ಕೆ ಹಿಡಿದು.”

ಪ್ರಯೋಗಾಲಯದಲ್ಲಿ ಬ್ಯೂರೆಟ್ (ದ್ರವ ಅಳೆಯುವ ಗಾಜಿನ ಕೊಳವೆ) ಓದುವುದೂ ಹೀಗೆಯೇ. ಮಾದರಿ ಎಲ್ಲಿಂದ ತೆಗೆಯಬೇಕು, ಯಾವಾಗ ತೆಗೆಯಬೇಕು, ದೋಷ ಎಲ್ಲಿಂದ ನುಸುಳುತ್ತದೆ ಎಂಬ ಪಾಠವೂ ಇದೇ. ಅವಳು ಅದನ್ನು ಓದುವ ಮೊದಲೇ ಮಾಡುತ್ತಿದ್ದಳು. ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ತೋಟದ ಕೆಲಸ ಅಲ್ಲವೇ ಮೇಡಂ?” ಎಂದಳು.

ಮಳೆ ಪುಸ್ತಕದಿಂದಲೇ ಶುರು ಮಾಡಿದೆವು. ಅವಳ ಅನುಮತಿ ಪಡೆದು ವಿಭಾಗದ ಅಧ್ಯಾಪಕಿಯೊಬ್ಬರನ್ನು ಜೊತೆಗೆ ಸೇರಿಸಿಕೊಂಡೆ. ಮೊದಲ ಲೆಕ್ಕ ಒಂದು ದಿನದ ನಮೂದು: 1 ಇಂಚು 35 ಸೆಂಟು. ಒಂದು ಇಂಚಿಗೆ 25.4 ಮಿಲಿಮೀಟರ್; ಆದ್ದರಿಂದ ಸುಮಾರು 34.3 ಮಿಲಿಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,047 ಚದರ ಮೀಟರ್. ಗುಣಿಸಿದಾಗ ಒಂದೇ ಎಕರೆಗೆ 1 ಲಕ್ಷ 39 ಸಾವಿರ ಲೀಟರಿನಷ್ಟಾಯಿತು. ತಪ್ಪಾಗಿರಬೇಕೆಂದು ಎರಡನೆಯ ಸಲ ಮಾಡಿದಳು. ಆಮೇಲೆ ಅವಳಾಗಿಯೇ ಕೇಳಿದಳು: “ಇಷ್ಟು ನೀರು ದಿನಗಟ್ಟಲೆ ಇಳಿಜಾರಿನ ಮಣ್ಣಿಗೆ ಇಳಿದರೆ?” ಅಧ್ಯಾಪಕಿ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು: ಮಣ್ಣಿನ ರಂಧ್ರಗಳು ತುಂಬಿದಂತೆ ಮಣ್ಣಿನ ಭಾರ ಹೆಚ್ಚುತ್ತದೆ, ಒಳಗಿನ ನೀರಿನ ಒತ್ತಡ ಕಣಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ, ಇಳಿಜಾರನ್ನು ಕಡಿದಾಗಿ ಕತ್ತರಿಸಿದ್ದರೆ ಅಪಾಯ ಇನ್ನೂ ಹೆಚ್ಚು.

ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಲಿಸಲು ತೋಟದ ಮಣ್ಣು ಪರೀಕ್ಷೆಯ ವರದಿ ತರಿಸಿದೆವು. ಪಿಎಚ್ 6ರಿಂದ 5ಕ್ಕೆ ಇಳಿದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟಾಗುತ್ತದೆ. ಲಾಗ್ ಎಂಬುದು ಆ ಹತ್ತರ ಪಟ್ಟುಗಳನ್ನು ಎಣಿಸುವ ಬಗೆ. ತೋಟಕ್ಕೆ ಸುಣ್ಣ ಹಾಕುವುದು ಮಣ್ಣಿನ ಹುಳಿ ತಗ್ಗಿಸಲು ಎಂದು ಅಂದು ಅಪ್ಪನಿಗೆ ಫೋನಿನಲ್ಲಿ ಅವಳೇ ವಿವರಿಸಿದಳಂತೆ. ಬಿಒಡಿಯೂ (ನೀರಿನ ಜೈವಿಕ ಆಮ್ಲಜನಕ ಬೇಡಿಕೆ) ಹಾಗೆಯೇ ದಕ್ಕಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ಹರಿದ ತೋಡು ಏಕೆ ನಾರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ನಾತ ಗೊತ್ತಿತ್ತು. ಹಣ್ಣಿನ ಸಿಹಿಯಂಶವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ತಿಂದುಬಿಡುತ್ತವೆ. ಎಷ್ಟು ತಿನ್ನುತ್ತವೆ ಎಂಬುದನ್ನು ಅಳೆಯುವುದೇ ಆ ಪರೀಕ್ಷೆ.

ಅವಳಿಗೆ ಕೊಟ್ಟ ಸಲಹೆ ಇಷ್ಟು. ಪಾಠವನ್ನು ಮೊದಲ ಸಾಲಿನಿಂದ ಓದಬೇಡ. ಶೀರ್ಷಿಕೆ, ಚಿತ್ರ, ಗ್ರಾಫ್ ನೋಡಿ, ಆಮೇಲೆ ಒಂದೊಂದು ಪ್ಯಾರಾಕ್ಕೂ ಕನ್ನಡದಲ್ಲಿ ಒಂದು ವಾಕ್ಯ ಬರೆ. ರಾತ್ರಿ ಪುಸ್ತಕ ಮುಚ್ಚಿ, ನೆನಪಿರುವುದನ್ನು ಖಾಲಿ ಹಾಳೆಯ ಮೇಲೆ ಬರೆದು ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡು. ಅದನ್ನೇ ಎರಡು ದಿನ ಬಿಟ್ಟು ಮತ್ತೆ ಮಾಡು. ಬಾರಿ ಬಾರಿ ಓದಿದಾಗ ಬಂದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ಕೈಗೆ ಸಿಗುವುದಿಲ್ಲ. ಏಕಮಾನವಿಲ್ಲದ ಅಂಕಿ ಬರೆಯಬೇಡ. ರೆಕಾರ್ಡಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಕಂಡದ್ದನ್ನೇ, ಕಂಡಾಗಲೇ ಬರೆ. ತಪ್ಪಾದರೆ ಅಳಿಸಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆ. ಬೇರೆಯವರ ಅಂಕಿ ನಕಲು ಮಾಡಿದರೆ ನಿನ್ನ ಪ್ರಯೋಗ ಏಕೆ ಕೆಟ್ಟಿತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ತರಗತಿಗೆ ಹೋಗುವ ಮುನ್ನ ಒಂದು ಪ್ರಶ್ನೆ ಬರೆದಿಟ್ಟುಕೋ. ಎದ್ದು ಕೇಳಲು ಅಳುಕಾದರೆ ತರಗತಿ ಮುಗಿದ ಮೇಲೆ ಕೇಳು. ಹನ್ನೊಂದರ ನಂತರ ಓದು ಬೇಡ.

“ಬಿಡಿಸಿ ಮನೆಗೆ ಕರೆದುಕೊಂಡು ಬರಲೇ ಮೇಡಂ?” ಎಂದು ತಂದೆ ಫೋನಿನಲ್ಲಿ ಕೇಳಿದರು. ಬೇಡ, ನಿಮ್ಮ ಹಳೆಯ ಮಳೆ ಪುಸ್ತಕಗಳನ್ನು ಕಳಿಸಿಕೊಡಿ ಎಂದೆ. ಬಸ್ಸಿನಲ್ಲಿ ಪಾರ್ಸೆಲ್ ಬಂತು.

ಎರಡನೆಯ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನದಲ್ಲಿ ಚೆನ್ನಾಗಿಯೇ ಉತ್ತೀರ್ಣಳಾದಳು. ರಸಾಯನ ವಿಜ್ಞಾನ ಇನ್ನೂ ಕಷ್ಟ, ಇಂಗ್ಲಿಷ್ ಓದು ನಿಧಾನ. ವಿಷಯ ಬದಲಾವಣೆಯ ಅರ್ಜಿಯನ್ನು ಅವಳು ಕೊಡಲಿಲ್ಲ. ತುಲಾ ಸಂಕ್ರಮಣ ಕಳೆದ ಮೇಲೆ ಮತ್ತೆ ಬರುತ್ತಾಳೆ. ಅಷ್ಟರಲ್ಲಿ 2018ರ ಜೂನ್, ಜುಲೈ, ಆಗಸ್ಟ್ ತಿಂಗಳುಗಳ ಮಳೆಯನ್ನು ದಿನಕ್ಕೊಂದು ಕಂಬದಂತೆ ಗ್ರಾಫಿನಲ್ಲಿ ಎಳೆದು ತರಬೇಕೆಂಬುದು ನಮ್ಮ ಒಪ್ಪಂದ.