ಚಲಪತಿ ಗೇಟು ಬಿಟ್ಟು ಹೋಗಬಾರದಿತ್ತು

ಮಾಲೂರಿನ ಗೆಳೆಯರೆ,

ನಿಮ್ಮ ‘ಎರಡನೇ ಗೇಟು’ ಚಿತ್ರಕಥೆಯ 186 ಪುಟವನ್ನೂ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸುವುದಿಲ್ಲ. ಮೊದಲ 60 ಪುಟ ನಗಿಸಿದವು. ಅಲ್ಲಿಂದಾಚೆ ನಗು ನಿಂತಿತು. ಯಾಕೆ ನಿಂತಿತು ಅನ್ನುವುದಕ್ಕೇ ಇಷ್ಟುದ್ದದ ಪತ್ರ.

ಬೇರೆಯವರಿಗೂ ಅರ್ಥವಾಗಲೆಂದು ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದಕ್ಕೆ ಚಲಪತಿ ನೈಟ್ ಸೆಕ್ಯೂರಿಟಿ. ವಯಸ್ಸು 46, ಎತ್ತರ ಐದಡಿ ಒಂದಿಂಚು, ಚಪ್ಪಟೆ ಪಾದ, ಸಂಬಳ 14,000, ನಾಯಿ ಕಂಡರೆ ಭಯ. ಬೆಲೆ ಏರಿದ ವಾರ ಇಬ್ಬರು ಕಳ್ಳರು ಹತ್ತೇ ನಿಮಿಷದಲ್ಲಿ ಸಾವಿರ ಬಾಕ್ಸ್ ಲಾರಿಗೆ ತುಂಬಿಕೊಂಡು, ಸುಳ್ಳು ಗೇಟ್ ಪಾಸ್ ತೋರಿಸಿ ಅವನ ಮುಂದೆಯೇ ಹೊರಟುಹೋಗುತ್ತಾರೆ. ಅಪವಾದ ಚಲಪತಿಯ ತಲೆಗೆ ಬರುತ್ತದೆ. ಮಧ್ಯಂತರಕ್ಕೆ ಅವನು ಯೂನಿಫಾರಂ ಬಿಚ್ಚಿ ಎಸೆಯುತ್ತಾನೆ, ಅಂತರಗಂಗೆ ಬೆಟ್ಟದ ಗುಹೆಯಲ್ಲಿ ಒಬ್ಬ ಸ್ವಾಮಿಯ ಹತ್ತಿರ ಮೂರು ದಿನದಲ್ಲಿ ಕರಾಟೆ ಕಲಿಯುತ್ತಾನೆ, ಕೊನೆಗೆ ಕೆಜಿಎಫ್‌ನ ಸೈನೈಡ್ ದಿಬ್ಬದ ಮೇಲೆ 40 ಜನರನ್ನು ಮಲಗಿಸುತ್ತಾನೆ.

ಕರಾಟೆ ಕಲಿತ ಮೇಲೆ ಅವನು ಚಲಪತಿಯಲ್ಲ, ಯಾವ ಸಿನಿಮಾದಲ್ಲಾದರೂ ಸಿಗುವ ಹೀರೋ. ನಾವು ನಗುತ್ತಿದ್ದದ್ದು ಅವನ ಕೈಯಲ್ಲಿ ಒಂದು ರಿಜಿಸ್ಟರು, ಒಂದು ಟಾರ್ಚು, ಒಂದು ವಿಸಿಲ್ ಬಿಟ್ಟು ಇನ್ನೇನೂ ಇಲ್ಲ ಎಂಬುದಕ್ಕೆ. ಅವನು ಗೆಲ್ಲುವುದೂ ಅವುಗಳಿಂದಲೇ ಆಗಬೇಕು. ಹಾಸ್ಯನಟ ತಿಪಟೂರಿನ ನರಸಿಂಹರಾಜು ಅವರ ಬಡಕಲು ಮೈಯೇ ಅವರ ಬಂಡವಾಳವಾಗಿತ್ತು. ಎರಡನೇ ಅರ್ಧಕ್ಕೆ ಅವರ ತೋಳು ದಪ್ಪವಾಗಲಿ ಎಂದು ಯಾವ ಪ್ರೇಕ್ಷಕನೂ ಕಾಯಲಿಲ್ಲ.

ಸೆಕ್ಯೂರಿಟಿ ಕೆಲಸದ ಬಗ್ಗೆ ನೀವು ವಿಚಾರಿಸಿಕೊಂಡಂತೆ ಕಾಣುವುದಿಲ್ಲ. ಈ ಕೆಲಸಕ್ಕೆ ಒಂದು ಕಾಯ್ದೆಯೇ ಇದೆ, 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ. ಅದರಡಿ ಕೇಂದ್ರ ಮೊದಲು 2006ರಲ್ಲಿ ಹೊರಡಿಸಿದ ಮಾದರಿ ನಿಯಮಗಳನ್ನು ತೆರೆದು ನೋಡಿ, ಅರ್ಧ ಸ್ಕ್ರಿಪ್ಟು ಅಲ್ಲೇ ಬಿದ್ದಿದೆ. ಗಂಡಸರ ಎತ್ತರ ಕನಿಷ್ಠ 160 ಸೆಂಟಿಮೀಟರ್, ಎದೆ 80, ಉಬ್ಬಿಸಿದರೆ ಇನ್ನೂ 4. ಚಪ್ಪಟೆ ಪಾದ ಇರಕೂಡದು. ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ತರಬೇತಿ 100 ಗಂಟೆ ತರಗತಿಯಲ್ಲಿ, 60 ಗಂಟೆ ಮೈದಾನದಲ್ಲಿ. ನಿಮ್ಮ ಚಲಪತಿಯ ಎತ್ತರ 155 ಸೆಂಟಿಮೀಟರ್, ಪಾದ ಚಪ್ಪಟೆ. ಹಾಗಾದರೆ ಅವನಿಗೆ ಕೆಲಸ ಸಿಕ್ಕಿದ್ದು ಹೇಗೆ? ಏಜೆನ್ಸಿಯವನು ಕಾಗದದ ಮೇಲೆ ಐದು ಸೆಂಟಿಮೀಟರ್ ಬೆಳೆಸಿದ್ದಾನೆ! ಇದನ್ನು ನೀವು ತಪ್ಪೆಂದು ತಿದ್ದಬೇಡಿ, ಕತೆಯ ಗಂಟು ಮಾಡಿಕೊಳ್ಳಿ. ‘ಬಾಯಿ ಬಿಟ್ಟರೆ ನಿನ್ನ ಸರ್ಟಿಫಿಕೇಟು ಹೊರಗೆ ತೆಗೀತೀನಿ’ ಎಂದು ಖಳ ಹೆದರಿಸಲು ಇದಕ್ಕಿಂತ ಚಿಕ್ಕ, ಇದಕ್ಕಿಂತ ನಂಬಿಕೆಯ ಕಾರಣ ಬೇಕಿಲ್ಲ.

ಪುಟ 118ರಲ್ಲಿ ಅವನು ಮೂರು ನಕ್ಷತ್ರದ ಖಾಕಿ ಹಾಕಿಕೊಂಡು ಮಾಸ್ ಎಂಟ್ರಿ ಕೊಡುತ್ತಾನೆ. ಅದೇ ಕಾಯ್ದೆಯ ಕಲಂ 21ರ ಪ್ರಕಾರ ಸೆಕ್ಯೂರಿಟಿಯವನು ಪೊಲೀಸ್ ಅಥವಾ ಸೇನೆಯ ಸಮವಸ್ತ್ರ ತೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎಂಟ್ರಿ ಇಟ್ಟುಕೊಳ್ಳುವುದಾದರೆ ಅದರ ಬೆನ್ನಿಗೇ ನಿಜವಾದ ಪೇದೆಯೊಬ್ಬ ಬರಲಿ.

ಈಗ ಟೊಮೆಟೊ ಲೆಕ್ಕ. ಕೋಲಾರದವರು ಸೀಟಿನಿಂದ ಏಳುವುದು ಇಲ್ಲೇ.

ಒಂದು ಬಾಕ್ಸ್ ಅಂದರೆ 15 ಕಿಲೋ. ಸಾವಿರ ಬಾಕ್ಸಿಗೆ 15 ಟನ್. ಖಾಲಿ ಕ್ರೇಟಿನ ತೂಕವೇ ಒಂದೂವರೆಯಿಂದ ಎರಡು ಕಿಲೋ ಇರುತ್ತದೆ, ಅದೂ ಸೇರಿದರೆ ಹದಿನಾರೂವರೆ ಟನ್ ಮೇಲೆ. ಹತ್ತು ಚಕ್ರದ ಲಾರಿ ಇದನ್ನು ಹೊರುತ್ತದೆ, ಅಲ್ಲಿಗೆ ನಿಮ್ಮ ಲೆಕ್ಕ ಸರಿ. ಆದರೆ ಹತ್ತು ನಿಮಿಷದಲ್ಲಿ ಇಬ್ಬರು ಸಾವಿರ ಬಾಕ್ಸ್ ಎತ್ತಬೇಕಾದರೆ ಸೆಕೆಂಡಿಗೆ ಒಂದೂವರೆ ಬಾಕ್ಸಿಗಿಂತ ಹೆಚ್ಚು. ಎಂಟು ಹಮಾಲರು ತಲಾ ನಿಮಿಷಕ್ಕೆ ಮೂರರಂತೆ ಬಿಡುವಿಲ್ಲದೆ ಎತ್ತಿದರೂ ನಲವತ್ತೆರಡು ನಿಮಿಷ ಬೇಕು. ಹಾಗಾಗಿ ಕಳ್ಳರು ಲೋಡು ಮಾಡುವುದೇ ಬೇಡ. ದೂರದ ಊರಿಗೆ ಹೊರಡಲು ಟಾರ್ಪಲ್ ಬಿಗಿದು ನಿಂತ ಲಾರಿಯನ್ನೇ ಎಗರಿಸಲಿ. ಸುಳ್ಳು ಗೇಟ್ ಪಾಸಿಗೂ ಆಗ ಬೆಲೆ ಬರುತ್ತದೆ.

ಕದ್ದ ಮಾಲನ್ನು ಹತ್ತು ದಿನ ಬಂಗಾರಪೇಟೆಯ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದೀರಿ. ಟೊಮೆಟೊ ಚಿನ್ನವಲ್ಲ. ದೂರಕ್ಕೆ ಕಳಿಸುವ ಅರೆಗಾಯಿಯೂ ಟಾರ್ಪಲ್ ಕೆಳಗೆ ಗಾಳಿಯಿಲ್ಲದೆ ಬಿಸಿಯಾಗಿ ಬೇಗ ಹಣ್ಣಾಗುತ್ತದೆ, ತಳದ ಬಾಕ್ಸಿನಿಂದ ರಸ ಸೋರುತ್ತದೆ, ನೊಣ ಮುತ್ತುತ್ತದೆ. ಹತ್ತನೇ ದಿನ ನಿಮ್ಮ ಖಳನ ಹತ್ತಿರ ಉಳಿಯುವುದು ಲಾರಿ ತುಂಬ ಗೊಜ್ಜು. ಇದನ್ನೇ ಗಡಿಯಾರ ಮಾಡಿಕೊಳ್ಳಿ. ಮೂರು ದಿನದೊಳಗೆ ಮಾರಬೇಕು, ಇಲ್ಲದಿದ್ದರೆ ಕದ್ದದ್ದೂ ದಂಡ. ಮಾಲು ದಿನದಿನಕ್ಕೆ ಮೆತ್ತಗಾದಷ್ಟೂ ಖಳನ ದನಿ ಗಡುಸಾಗಲಿ. ಚಲಪತಿ ಲಾರಿ ಪತ್ತೆ ಮಾಡಲು ಸಿಸಿಟಿವಿ ಹ್ಯಾಕ್ ಮಾಡುವ ಸೋದರಳಿಯನೂ ಬೇಡ, ರಸ್ತೆ ಮೇಲಿನ ರಸದ ಹನಿ ಸಾಕು. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ನೀವು ಸರಿಯಾಗಿ ಬಳಸಿದ್ದೀರಿ. ಇಲ್ಲಿಯ ರೈತರು ಬೆಲೆ ಬಿದ್ದಾಗ ಇದೇ ಹಣ್ಣನ್ನು ರಸ್ತೆಗೆ ಸುರಿದವರು. ಆ ಇನ್ನೊಂದು ಮುಖ ನಿಮ್ಮ ಕತೆಯಲ್ಲಿ ಎಲ್ಲೂ ಇಲ್ಲ.

ಬೆಲೆಯಿಂದ ಇನ್ನೊಂದು ಲಾಭವಿದೆ. ನಿಮ್ಮ ಸ್ಕ್ರಿಪ್ಟಿನಲ್ಲಿ 11 ಫೈಟು, ಅದರಲ್ಲಿ ಏಳು ಕಡೆ ‘ಇಲ್ಲಿ ಭರ್ಜರಿ ಫೈಟ್, 5 ನಿಮಿಷ’ ಎಂದಷ್ಟೇ ಬರೆದಿದೆ. ಏಟುಗಳನ್ನು ಫೈಟ್ ಮಾಸ್ಟರ್ ನೋಡಿಕೊಳ್ಳುತ್ತಾರೆ, ನಿಜ. ಹೊಡೆದಾಟದ ಮಧ್ಯೆ ಚಲಪತಿಗೆ ಬೇಕಾಗಿರುವುದೇನು, ಆ ಜಾಗದಲ್ಲಿ ಏನೇನಿದೆ, ಅವನ ಲೆಕ್ಕ ಎಲ್ಲಿ ತಪ್ಪುತ್ತದೆ, ಎಲ್ಲಿ ನೋಯುತ್ತದೆ ಎಂಬುದನ್ನು ಬರೆಯಬೇಕಾದವರು ನೀವು. ಪುಟ 97ರ ಮಂಡಿ ಫೈಟನ್ನೇ ತೆಗೆದುಕೊಳ್ಳಿ. ಬಾಕ್ಸುಗಳನ್ನು ಎಂಟೆಂಟು ಎತ್ತರಕ್ಕೆ ಪೇರಿಸಿದೆ. ಒಂದು ಬಾಕ್ಸ್ ಬಿದ್ದರೆ 2,000 ರೂಪಾಯಿ ಅವನ ಸಂಬಳದಲ್ಲಿ ಕಟ್ಟಾಗುತ್ತದೆಂದು ಮೊದಲೇ ಮಾಲೀಕನ ಬಾಯಲ್ಲಿ ಹೇಳಿಸಿಬಿಡಿ. ಏಳು ಬಾಕ್ಸ್ ಬಿದ್ದರೆ ತಿಂಗಳ ದುಡಿಮೆ ಹೋಯಿತು. ಈಗ ಅವನು ಹೊಡೆದಾಡುವುದು ಕಳ್ಳರ ಜೊತೆಯಲ್ಲ, ಬೀಳುವ ಬಾಕ್ಸುಗಳ ಜೊತೆ. ಓಡುತ್ತಾ ಒಂದು ಸಾಲನ್ನು ತಬ್ಬಿ ನಿಲ್ಲಿಸುತ್ತಾನೆ. ಅವನು ಬಗ್ಗಿದ್ದಕ್ಕೆ ಹಿಂದಿನವನ ಏಟು ಇನ್ನೊಬ್ಬ ಕಳ್ಳನಿಗೆ ಬೀಳುತ್ತದೆ. ಒಂದು ಬಾಕ್ಸ್ ಉರುಳುತ್ತದೆ, ‘ಎರಡು ಸಾವಿರ’ ಅನ್ನುತ್ತಾನೆ. ಇನ್ನೊಂದು, ‘ನಾಲ್ಕು’. ಏಳನೆಯದು ಬಿದ್ದ ಮೇಲೆ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಎಂಟನೆಯದನ್ನು ಅವನೇ ಎತ್ತಿ ಕಳ್ಳನ ಮೇಲೆ ಹಾಕುತ್ತಾನೆ. ಕರಾಟೆ ಯಾಕೆ ಬೇಕು ಹೇಳಿ?

ಹಣ್ಣು ನೆಲಕ್ಕೆ ಬಿದ್ದು ಅಪ್ಪಚ್ಚಿಯಾಗುವುದನ್ನು ಫೈಟಿನ ಕೊನೆಗೇ ಇಟ್ಟುಕೊಳ್ಳಿ. ಆರಂಭದಲ್ಲೇ ಚೆಲ್ಲಿಸಿದರೆ ಪ್ರತಿ ಟೇಕಿಗೂ ನೆಲ ತೊಳೆಯಬೇಕು, ಆರುವತನಕ ಕಾಯಬೇಕು, ಎಲ್ಲರ ಬಟ್ಟೆ ಬದಲಿಸಬೇಕು. ಜಾರುವ ನೆಲದ ಮೇಲೆ ಸ್ಟಂಟ್ ಹುಡುಗರ ಮೊಣಕಾಲು ಹೋಗುತ್ತದೆ. ನಿರ್ಮಾಪಕರ ಕಡೆಯವರು ಸ್ಕ್ರಿಪ್ಟು ಓದುವಾಗ ಮೊದಲು ಕಾಣುವುದು ಇಂಥ ಸಾಲುಗಳೇ. ಫೈಟು ಒಟ್ಟು ಮೂರಿದ್ದರೆ ಸಾಕು.

ವಿಸಿಲ್ ವಿಷಯ. ಮಾದರಿ ನಿಯಮದ ಪ್ರಕಾರ ಅದು ದಾರಕ್ಕೆ ಕಟ್ಟಿ ಎಡಗಡೆ ಜೇಬಿನಲ್ಲಿರಬೇಕು. ನೀವು ಕೊರಳಿಗೆ ಹಾಕಿದ್ದೀರಿ, ಜೇಬಿಗೆ ಇಳಿಸಿ. ಮೊದಲ ಸಲ ಹರಾಜಿನ ಕೂಗಾಟದ ನಡುವೆ ಊದುತ್ತಾನೆ, ಯಾರಿಗೂ ಕೇಳಿಸುವುದಿಲ್ಲ. ಎರಡನೇ ಸಲ ಕಳ್ಳನೊಬ್ಬ ಅವನ ಎಡಗೈಯನ್ನು ಎದೆಗೇ ಒತ್ತಿ ಹಿಡಿದಿರುತ್ತಾನೆ, ಅದರಡಿಯ ಜೇಬಿಗೆ ಬಲಗೈ ತೂರುವುದಿಲ್ಲ, ನಿಯಮ ಬರೆದವರನ್ನು ಬೈಯುತ್ತಾ ಒದೆ ತಿನ್ನುತ್ತಾನೆ. ಮೂರನೇ ಸಲ ಅದು ಕೆಲಸಕ್ಕೆ ಬರಬೇಕು. ಹೇಗೆಂದು ನೀವೇ ಹುಡುಕಿ, ಅದು ಮಾತ್ರ ಕ್ಲೈಮ್ಯಾಕ್ಸಿಗೆ ಮೊದಲೇ ಖರ್ಚಾಗಬಾರದು.

ಕ್ಲೈಮ್ಯಾಕ್ಸಿನಲ್ಲಿ ಚಲಪತಿ ಖಳನಿಗೆ ಕೋಳ ಹಾಕುತ್ತಾನೆ. ಸೆಕ್ಯೂರಿಟಿಯವನಿಗೆ ಕೋಳ ಎಲ್ಲಿಂದ ಬಂತು? ಸಾಮಾನ್ಯ ನಾಗರಿಕನಿಗೆ ಇರುವಷ್ಟೇ ಅಧಿಕಾರ ಅವನಿಗೂ ಇರುವುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40ರ ಪ್ರಕಾರ ತನ್ನ ಸಮಕ್ಷಮದಲ್ಲೇ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ನಡೆದರೆ ಯಾರು ಬೇಕಾದರೂ ಹಿಡಿದಿಡಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆಯ ಗಡುವು 2024ರ ಜುಲೈ 1ರಿಂದ ಜಾರಿಗೆ ಬಂದದ್ದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿರಲಿಲ್ಲ. ನಿಮ್ಮ ಮೊದಲ ದೃಶ್ಯದ ‘ಜುಲೈ 2023’ ಎಂಬ ಅಕ್ಷರ ತೆಗೆದುಹಾಕಿ, ಈ ಗಡುವು ನಿಮ್ಮದಾಗುತ್ತದೆ.

ಅದರ ಪಕ್ಕಕ್ಕೆ ಸೆಕ್ಯೂರಿಟಿ ಕೆಲಸದ ಇನ್ನೊಂದು ಕಟ್ಟಳೆ ಇಡಿ: ಮುಂದಿನ ಪಾಳಿಯ ರಿಲೀವರ್ ಬಾರದೆ ಕಾವಲಿನ ಪಾಯಿಂಟ್ ಬಿಡುವ ಹಾಗಿಲ್ಲ. ರಾತ್ರಿ ಎರಡಕ್ಕೆ ಕಳ್ಳ ಸಿಕ್ಕಿದ್ದಾನೆ. ಡ್ಯೂಟಿ ಮುಗಿಯುವುದು ಬೆಳಗ್ಗೆ ಎಂಟಕ್ಕೆ, ರಿಲೀವರ್ ಮಾಮೂಲಿನಂತೆ ತಡ. ಠಾಣೆಯವರು ‘ಜೀಪು ಬಂದೋಬಸ್ತಿಗೆ ಹೋಗಿದೆ, ನೀವೇ ಕರೆತನ್ನಿ’ ಅನ್ನುತ್ತಾರೆ. ಗೇಟು ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಗಡುವು ಮೀರುತ್ತದೆ. ಟಾರ್ಪಲ್ ಹಗ್ಗದಲ್ಲಿ ಕಟ್ಟಿದ ಕಳ್ಳನ ಜೊತೆ ಡಬ್ಬಿಯ ಮುದ್ದೆ ಹಂಚಿಕೊಳ್ಳಬೇಕು, ಬರುವ ಗಾಡಿಗಳ ನಂಬರನ್ನೂ ಬರೆಯಬೇಕು. ಕೈ ನಡುಗಿ ಬರೆಯಲಾಗದಿದ್ದರೆ ಕಳ್ಳನೇ ಬರೆದುಕೊಡಲಿ, ಅವನ ಅಕ್ಷರ ಗೇಟ್ ಪಾಸಿನ ಅಕ್ಷರವೇ ಎಂದು ಚಲಪತಿಗೆ ಹೊಳೆಯಲಿ. ನಿಮ್ಮ ಎರಡನೇ ಅರ್ಧಕ್ಕೆ ನಮಗೆ ಕಾಣುವ ದಾರಿ ಇದು. ಅವನು ಗೇಟಿನಿಂದ ಕದಲದೆಯೇ ಒಂದು ಗಂಟೆ ಸಿನಿಮಾ ಓಡುತ್ತದೆ.

ಕಳ್ಳನನ್ನು ಬಿಡಿಸಿಕೊಳ್ಳಲು ಅವನ ತಂಡ ಬರಲಿ, ಖಾಲಿ ಕ್ರೇಟ್ ಲಾರಿಯಲ್ಲಿ ಅಡಗಿ. ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇಟ್ಟಿದ್ದೀರಿ, ಅದರ ಮೇಲೆ ಹಾಡಿಗೆ ಕುಣಿಸಿದ್ದು ಬಿಟ್ಟರೆ ಬೇರೆ ಉಪಯೋಗವಿಲ್ಲ. ಎಂಟು ಜನ ಅಡಗಿದ್ದರೆ ಚೀಟಿಯಲ್ಲಿ ಸುಮಾರು 560 ಕಿಲೋ ಹೆಚ್ಚು ಬರುತ್ತದೆ. ವರ್ಷಗಟ್ಟಲೆ ಅದೇ ಅಂಕಿ ಬರೆದ ಚಲಪತಿಗೆ ಅದು ಹೊಳೆಯದೆ ಇರದು. ಅವನು ಕೂಗುವುದಿಲ್ಲ. ಲಾರಿಯ ಸುತ್ತ ನಡೆದು ಟಾರ್ಪಲ್ ಹಗ್ಗವನ್ನು ಇನ್ನೆರಡು ಸುತ್ತು ಬಿಗಿಯುತ್ತಾನೆ. ಒಂದೂ ಏಟಿಲ್ಲದೆ ಎಂಟು ಜನ ಒಳಗೆ.

ಕೆಜಿಎಫ್ ಕ್ಲೈಮ್ಯಾಕ್ಸ್ ಹಾಗಾದರೆ ತಾನಾಗಿ ಬಿದ್ದುಹೋಗುತ್ತದೆ. ಒಳ್ಳೆಯದೇ ಆಯಿತು. ಕೋಲಾರದಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರ್, ನೀವು ಎರಡು ನಿಮಿಷದಲ್ಲಿ ಓಡಿಸಿದ್ದೀರಿ. ‘ನೈಟ್ ಶಿಫ್ಟಿನ ಗಣಿ ಕಾರ್ಮಿಕರು’ ಸಹಾಯಕ್ಕೆ ಬರುತ್ತಾರೆ ಬೇರೆ! ಗಣಿ 2001ರ ಫೆಬ್ರವರಿ 28ಕ್ಕೇ ಮುಚ್ಚಿದೆ.

ಮಾತಿನ ಬಗ್ಗೆ ಎರಡು ಸಾಲು. ನಿಮ್ಮ ಮಂಡಿಯಲ್ಲಿ ಎಲ್ಲರೂ ಪಾಠದ ಪುಸ್ತಕದಂತೆ ಮಾತಾಡುತ್ತಾರೆ. ‘ನಿಲ್ಲು! ನಿನ್ನ ವಾಹನದ ದಾಖಲೆಗಳನ್ನು ತೋರಿಸು’ ಎಂದು ಕೋಲಾರದ ಯಾವ ಗೇಟಿನಲ್ಲೂ ಯಾರೂ ಹೇಳಿಲ್ಲ. ‘ಅಣ್ಣೋ, ಚೀಟಿ ಎಲ್ಲಿ?’ ಇಷ್ಟೇ. ಗಡಿ ಜಿಲ್ಲೆ ಇದು, ಕನ್ನಡದ ನಡುವೆ ತೆಲುಗು ಸುಳಿಯದ ಮಂಡಿ ಇಲ್ಲ, ಉತ್ತರದ ಡ್ರೈವರ್ ಹಿಂದಿ ಆಡುತ್ತಾನೆ. ಯಾರು ಯಾವಾಗ ಯಾವ ಭಾಷೆಗೆ ಹೊರಳುತ್ತಾರೆ ಎಂದು ಮೊದಲೇ ನಿರ್ಧರಿಸಿಕೊಂಡರೆ ಅರ್ಧ ಹಾಸ್ಯ ಅಲ್ಲೇ ಸಿಗುತ್ತದೆ. ಹೆಂಡತಿಯ ದಪ್ಪದ ಮೇಲಿನ ಹದಿನಾಲ್ಕು ಜೋಕುಗಳನ್ನು ಆಗ ಕಿತ್ತುಹಾಕಬಹುದು. ಒಂದೂ ನಗಿಸಲಿಲ್ಲ.

ಮಿಕ್ಕವು ಚಿಲ್ಲರೆ. ‘ಒಂದು ಪುಟ ಒಂದು ನಿಮಿಷ’ ಅನ್ನುವುದು ಇಂಗ್ಲಿಷ್ ಟೈಪಿನ ಅಳತೆ, ಕನ್ನಡಕ್ಕೆ ಹಾಗೇ ಒಗ್ಗದು. ಹತ್ತು ಪುಟ ಗಟ್ಟಿಯಾಗಿ ಓದಿ ಗಡಿಯಾರ ನೋಡಿ ನಿಮ್ಮ ಲೆಕ್ಕ ನೀವೇ ಕಟ್ಟಿಕೊಳ್ಳಿ. ಎರಡು ಗಂಟೆ ಇಪ್ಪತ್ತು ನಿಮಿಷ ಮೀರದಿರಲಿ. ನಾಯಿ ಬಳಸುವ ಚಿತ್ರೀಕರಣಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು, ಆದ್ದರಿಂದ ನಾಯಿಯ ಆರು ದೃಶ್ಯ ಎರಡಾಗಲಿ.

ಒಂದು ಪುಟದ ಸಾರಾಂಶ ಮತ್ತು ಹೊಸದಾಗಿ ಬರೆದ ಮೊದಲ 30 ಪುಟ ಕಳಿಸಿ, ಪೂರ್ತಿ ಬೇಡ. ಪುಟ 41ರಲ್ಲಿ ಅಂತರಗಂಗೆಯ ಮಂಗವೊಂದು ರಿಜಿಸ್ಟರು ಕಿತ್ತುಕೊಂಡು ಓಡುತ್ತದಲ್ಲ, ಚಲಪತಿ ಅದಕ್ಕೂ ‘ಸೈನ್ ಮಾಡಿ ಹೋಗಪ್ಪಾ’ ಅನ್ನುತ್ತಾನಲ್ಲ, ಅದು ಹಾಗೇ ಇರಲಿ. ಒಂದಕ್ಷರ ಮುಟ್ಟಬೇಡಿ.