ವೆನಿಲ್ಲಾ ಕಿಪ್ಫರ್ಲ್ ಹರಡುವುದೇಕೆ, ಮುರಿಯುವುದೇಕೆ?

ಕ್ರಿಸ್‌ಮಸ್‌ಗೆಂದು ಮಾಡಿದ ವೆನಿಲ್ಲಾ ಕಿಪ್ಫರ್ಲ್, ಅಂದರೆ ಆಸ್ಟ್ರಿಯಾದ ಅರ್ಧಚಂದ್ರಾಕಾರದ ಬಾದಾಮಿ ಬಿಸ್ಕತ್ತುಗಳು, ಓವನ್ನಿನಲ್ಲಿ ಚಪ್ಪಟೆಯಾದವು, ಸಕ್ಕರೆಯಲ್ಲಿ ಹೊರಳಿಸುವಾಗ ಮುರಿದವು, ಏಕೆ ಎಂದು ಕೇಳಿದ್ದೀರಿ. ಅಳತೆಯಲ್ಲಿ ದೋಷವಿರಲಾರದು. ಹಿಟ್ಟು ಬೆಚ್ಚಗಾಗಿದ್ದೇ ಕಾರಣವೆಂದು ನನಗೆ ಅನಿಸುತ್ತದೆ.

250 ಗ್ರಾಂ ಮೈದಾಕ್ಕೆ 210 ಗ್ರಾಂ ಉಪ್ಪಿಲ್ಲದ ಬೆಣ್ಣೆ, 100 ಗ್ರಾಂ ಬಾದಾಮಿ ಪುಡಿ, 80 ಗ್ರಾಂ ಸಕ್ಕರೆ ಪುಡಿ ಹಾಕಿದರೆ ಸಾಕು, ಮೊಟ್ಟೆ ಬೇಡ. ಇಷ್ಟು ಬೆಣ್ಣೆಯಿರುವ ಹಿಟ್ಟು ಕೈಯ ಬಿಸಿಗೇ ಸಡಿಲವಾಗುತ್ತದೆ. ಚಪಾತಿ ಹಿಟ್ಟಿನಂತೆ ನಾದಲೇಬೇಡಿ, ಕೂಡಿಕೊಂಡ ತಕ್ಷಣ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಸ್ವಲ್ಪ ಸ್ವಲ್ಪವೇ ಹೊರತೆಗೆದು ಅರ್ಧಚಂದ್ರದಂತೆ ಬಾಗಿಸಿ. ತುದಿಗಳನ್ನು ತೀರಾ ಚೂಪು ಮಾಡಿದರೆ ಅವೇ ಮೊದಲು ಸೀಯುತ್ತವೆ. ಬಾಗಿಸಿದ ಮೇಲೆ ತಟ್ಟೆಯನ್ನು ಮತ್ತೆ ಹದಿನೈದು ನಿಮಿಷ ತಣ್ಣಗಿಡಿ. ನಿಮ್ಮ ತೊಂದರೆಗೆ ಮುಖ್ಯ ಮದ್ದು ಇದೇ.

170 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಅಂಚು ತುಸು ಹೊಂಬಣ್ಣಕ್ಕೆ ತಿರುಗಿದೊಡನೆ ತೆಗೆಯಿರಿ. ಆಗ ಅವು ಬಹಳ ಮೆತ್ತಗಿರುತ್ತವೆ, ಮುಟ್ಟಬೇಡಿ. ಪೂರ್ತಿ ಆರಿದರೆ ಸಕ್ಕರೆ ಅಂಟುವುದಿಲ್ಲ. ಹಾಗಾಗಿ ಎರಡು ಮೂರು ನಿಮಿಷ ಬಿಟ್ಟು, ತಟ್ಟೆಯ ಮೇಲೆಯೇ ಜರಡಿಯಿಂದ ವೆನಿಲ್ಲಾ ಬೆರೆಸಿದ ಸಕ್ಕರೆ ಪುಡಿ ಉದುರಿಸಿ. ಹೊರಳಿಸುವ ಗೋಜೇ ಬೇಡ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ದಿನ ಕಾದರೆ ರುಚಿ ಇನ್ನೂ ಚೆನ್ನಾಗಿರುತ್ತದೆ.